ಬೋರ್ನಿಯೊದಿಂದ ಬಂದ ಮೇಲೆ

ಭಾಗ್ಯಜ್ಯೋತಿ ಡಿಗ್ರಿ ಓದಲೆಂದು ಕಮಲಾಪುರದಿಂದ ಕಲಬುರಗಿಗೆ ಬಂದಾಗ ಆಕೆಗೆ ಬಾಡಿಗೆಗೆ ಸಿಕ್ಕಿದ್ದು ಮಸ್ತಾನಬಿಯವರ ಮನೆಯ ಮಾಳಿಗೆ ಮೇಲಿನ ಕೋಣೆ. ಮಸ್ತಾನಬಿಯ ಮಗಳು ಸನೋಬರ್ ಇವಳದೇ ವಯಸ್ಸಿನವಳು. ಮೊದಲ ವಾರ ಇಬ್ಬರೂ ಮೆಟ್ಟಿಲ ಮೇಲೆ ಎದುರಾದರೆ ಸುಮ್ಮನೆ ನಕ್ಕು ಸರಿದುಕೊಳ್ಳುತ್ತಿದ್ದರು. ತಿಂಗಳಾಗುವಷ್ಟರಲ್ಲಿ ಭಾಗ್ಯಳ ರಾತ್ರಿಯೂಟ ಕೆಳಗಿನ ಮನೆಯಲ್ಲೇ ಆಗತೊಡಗಿತು. ಓದು ಮುಗಿದು ಆ ಕೋಣೆ ಬಿಟ್ಟರೂ ಆ ಮನೆಯ ನಂಟು ಬಿಡಲಿಲ್ಲ. ಕೋಟನೂರಿನ ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಟೀಚರಾದಳು, ಅಲ್ಲೇ ಸಣ್ಣ ಮನೆ ಹಿಡಿದಳು. ಮದುವೆಯ ಮಾತು ಬಂದು ಹೋಗಿ, ಕೊನೆಗೆ ಬರುವುದೇ ನಿಂತಿತು. ಅದಕ್ಕಾಗಿ ಆಕೆ ಕೊರಗಿದವಳಲ್ಲ. ಬೇಸರವಾದರೆ ಹೋಗಿ ಕೂರಲು ಮಸ್ತಾನಬಿಯ ಪಡಸಾಲೆ ಇತ್ತು, ಮಾತಿಗೆ ಸನೋಬರ್ ಇದ್ದಳು.

ಸನೋಬರಳ ಗಂಡ ತನ್ವೀರ್ ಮಕ್ಕಳನ್ನು ಶಾಲೆಗೆ ಬಿಡುವ ವ್ಯಾನ್ ಓಡಿಸುತ್ತಿದ್ದ. ಮಗಳು ಉಮ್ಮೆ ಹಾನಿ ಇನ್ನೂ ಚಿಕ್ಕವಳಿದ್ದಾಗಲೇ ಎದೆನೋವು ಬಂದು ತೀರಿಕೊಂಡ. ವ್ಯಾನ್ ಮಾರಿಬಿಡು ಎಂದು ಬಂಧುಬಳಗದವರೆಲ್ಲ ಹೇಳಿದರು. ಮಗಳೊಡನೆ ತಾಯಿಯ ಮನೆಯಲ್ಲೇ ಇದ್ದ ಸನೋಬರ್ ಮಾರಲಿಲ್ಲ. ರಿಂಗ್ ರೋಡಿನಲ್ಲಿ ಬೆಳಗಿನ ಹೊತ್ತು ಓಡಿಸುವುದನ್ನು ಕಲಿತಳು, ಲೈಸೆನ್ಸ್ ಮಾಡಿಸಿಕೊಂಡಳು. ಆದರೆ ಹೆಂಗಸಿನ ಗಾಡಿಗೆ ಮಕ್ಕಳನ್ನು ಕೊಡುವವರು ಯಾರು? ಆಗ ಭಾಗ್ಯಳೇ ತನ್ನ ಶಾಲೆಯ ಮುಖ್ಯಗುರು ಕಾಶಿರಾಯರ ಮುಂದೆ ಕೂತು, "ಸರ್, ಆಕಿ ಬಗ್ಗೆ ನಾ ಗ್ಯಾರಂಟಿ ಕೊಡ್ತೀನ್ರಿ" ಅಂದಿದ್ದಳು. ವರ್ಷ ತುಂಬುವುದರೊಳಗೆ ತಾಯಂದಿರೇ ಬಂದು "ನಮ್ಮ ಹುಡುಗಿಗಿ ಸನೋಬರ್ ಆಪಾನ ವ್ಯಾನಿನ್ಯಾಗೇ ಜಾಗಾ ಕೊಡ್ರಿ" ಎಂದು ಗಂಟುಬೀಳುತ್ತಿದ್ದರು.

ಇಬ್ಬರಿಗೂ ಒಂದು ಹುಚ್ಚಿತ್ತು. ಟಿವಿಯಲ್ಲಿ ಕಾಡುಪ್ರಾಣಿಗಳನ್ನು ತೋರಿಸಿದರೆ ಊಟ ಆರಿಹೋದರೂ ಏಳುತ್ತಿರಲಿಲ್ಲ. ಒಂದಿನ ಹೋಗಿ ಕಣ್ಣಾರೆ ನೋಡಬೇಕು ಎಂದು ಹೇಳಿಕೊಳ್ಳುತ್ತಲೇ ಕೂದಲು ಬೆಳ್ಳಗಾಗುತ್ತ ಬಂದಿತ್ತು. ಕಳೆದ ಚಳಿಗಾಲದಲ್ಲಿ ಸನೋಬರ್ ಇದ್ದಕ್ಕಿದ್ದಂತೆ ಹಟಕ್ಕೆ ಬಿದ್ದಳು.

"ಈ ಬ್ಯಾಸಿಗಿಗೇ ಹೋಗೋಣ, ಭಾಗ್ಯಾ."

"ಮುಂದಿನ ವರ್ಷ ಹೋದ್ರಾಯ್ತು. ಹಾನಿ ನರ್ಸಿಂಗ್ ಮುಗೀಲಿ."

"ಮುಂದಿನ ವರ್ಷ ನಕ್ಕೋ, ಬ್ಯಾಡ. ಈಗಂದ್ರ ಈಗ."

ಮಗಳ ಮದುವೆ ಗೊತ್ತಾದರೆ ಮುಂದೆ ಬಿಡುವಾಗಲಿಕ್ಕಿಲ್ಲ ಅಂತ ಹೀಗನ್ನುತ್ತಿದ್ದಾಳೆ ಎಂದುಕೊಂಡಳು ಭಾಗ್ಯ. ಬೋರ್ನಿಯೊ ಎಂಬ ದ್ವೀಪದ ಕಾಡು, ಅಲ್ಲಿಂದ ಕೌಲಾಲಂಪುರ, ಕೊನೆಗೆ ಸಿಂಗಾಪುರ ಎಂದು ನಿಶ್ಚಯವಾಯಿತು. ಮಸ್ತಾನಬಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, ಇಬ್ಬರ ತಲೆ ಮೇಲೂ ಕೈಯಿಟ್ಟು ದುವಾ ಮಾಡಿ ಕಳಿಸಿದರು. ಹೈದರಾಬಾದಿನಲ್ಲಿ ವಿಮಾನ ಹತ್ತಿದಾಗ ಇಬ್ಬರೂ ಕಾಲೇಜು ಹುಡುಗಿಯರಂತೆ ಕೈ ಹಿಡಿದುಕೊಂಡೇ ಕೂತಿದ್ದರು.

ಬೋರ್ನಿಯೊದ ಕಾಡಿನಲ್ಲಿ ಬೆಳಕು ಹಸಿರಾಗಿ ಸೋರುತ್ತಿತ್ತು. ಕಲಬುರಗಿಯ ಬಿಸಿಲಲ್ಲಿ ಬೆಳೆದ ಮೈಗೆ ಅಲ್ಲಿನ ತೇವ ಬಟ್ಟೆಯಂತೆ ಅಂಟಿಕೊಳ್ಳುತ್ತಿತ್ತು. ಮರದ ಮೇಲೆ ಒರಾಂಗುಟಾನ್ ತಾಯಿಯೊಂದು ಮರಿಯನ್ನು ಎದೆಗವಚಿಕೊಂಡು, ಕೊಂಬೆಯಿಂದ ಕೊಂಬೆಗೆ ಅವಸರವಿಲ್ಲದೆ ದಾಟಿ ಬಂತು. ಮರಿ ತಾಯಿಯ ಕೆಂಪು ಕೂದಲು ಹಿಡಿದು ಜಗ್ಗುತ್ತಿತ್ತು. ಭಾಗ್ಯ ಗೆಳತಿಯ ತೋಳು ಹಿಡಿದು ಅಲುಗಿಸಿದಳು.

"ನೋಡ್ಲಾಕತ್ತಿ ಏನು ಸನೋಬರ್? ಎಡಕ್ಕ, ಎಡಕ್ಕ!"

"ಹೌ, ಎಷ್ಟು ಚಂದ ಅದ" ಅಂದಳು ಸನೋಬರ್. ಆದರೆ ಆಕೆಯ ಮುಖ ಮುಂದಿನ ಖಾಲಿ ಕೊಂಬೆಗೆ ತಿರುಗಿತ್ತು. ಭಾಗ್ಯ ಗಲ್ಲ ಹಿಡಿದು ಮುಖವನ್ನು ಇತ್ತ ತಿರುಗಿಸಿದಳು. ಆಗ ಸನೋಬರಳ ಬಾಯಿಂದ ಸಣ್ಣ ಉದ್ಗಾರ ಬಂತು, ಕಣ್ಣಲ್ಲಿ ನೀರು ನಿಂತಿತು. ತಾನು ಚಂದ ಅಂದ ಮೇಲೆ ಮೊದಲ ಸಲ ನೋಡುತ್ತಿರುವವಳ ಹಾಗೆ. ಭಾಗ್ಯ ಅದನ್ನು ಕಂಡಳು, ಆದರೆ ಅರ್ಥ ಮಾಡಿಕೊಳ್ಳಲಿಲ್ಲ.

ಮರುದಿನ ಸಂಜೆ ಸಣ್ಣ ದೋಣಿಯಲ್ಲಿ ನದಿಗೆ ಹೋದರು. ದೋಣಿಯವನ ಹೆಸರು ಅಜರ್. ಮಾತು ಕಡಿಮೆ, ಎಲ್ಲವನ್ನೂ ಬೆರಳಿನಲ್ಲೇ ತೋರಿಸುತ್ತಿದ್ದ. ಜೋತುಬಿದ್ದ ಮೂಗಿನ ಮಂಗಗಳು ಮರ ಅಲುಗಾಡಿಸಿದವು. ಒಂದು ತಿರುವಿನಲ್ಲಿ ಗಿಡ್ಡ ಆನೆಗಳ ಹಿಂಡು ನೀರಿಗಿಳಿದಿತ್ತು. ಅಜರ್ ಇಂಜಿನ್ ನಿಲ್ಲಿಸಿದ. ಆನೆಗಳು ಉಸಿರು ಬಿಡುವ ಸದ್ದು ಕೂಡ ಕೇಳುತ್ತಿತ್ತು. ದಡದ ಕೆಸರಿನಲ್ಲಿ ಮೊಸಳೆಯೊಂದು ಮರದ ದಿಮ್ಮಿಯಂತೆ ಬಿದ್ದುಕೊಂಡಿತ್ತು.

ಹಿಂತಿರುಗಿದಾಗ ಹೊತ್ತು ಮುಳುಗಿತ್ತು. ದೋಣಿಯಿಂದ ದಡಕ್ಕೆ ಉದ್ದನೆಯ ಹಲಗೆ ಹಾಸಿದ್ದರು. ಭಾಗ್ಯಳಿಗೆ ಹಲಗೆಯೂ ಅಂಚಿನ ಹಗ್ಗವೂ ಚೆನ್ನಾಗಿಯೇ ಕಾಣುತ್ತಿದ್ದವು. ಆಕೆ ಮುಂದೆ ನಡೆದಳು. ಹಿಂದೆ ದೊಪ್ಪನೆ ಸದ್ದಾಯಿತು. ತಿರುಗಿದರೆ ಸನೋಬರ್ ಹಲಗೆಯ ಮೇಲಿರಲಿಲ್ಲ. ಕಂದುನೀರಿನಲ್ಲಿ ಆಕೆಯ ದುಪಟ್ಟಾ ಬಿಚ್ಚಿಕೊಂಡು ತೇಲುತ್ತಿತ್ತು.

"ಸನೋಬರ್!" ಭಾಗ್ಯ ಕಿರುಚಿದಳು. ಆಕೆಯ ತಲೆಯಲ್ಲಿ ಇದ್ದದ್ದು ಆ ಮೊಸಳೆಯೊಂದೇ. ಅಜರ್ ಹಲಗೆಯ ಮೇಲೆ ಬೋರಲು ಬಿದ್ದು, ಸನೋಬರಳ ತೋಳಿಗೆ ಕೈ ಹಾಕಿ, ಚೀಲ ಎಳೆದ ಹಾಗೆ ಮೇಲಕ್ಕೆಳೆದ. ಮೊಣಕಾಲಿನ ಚರ್ಮ ಕಿತ್ತು ರಕ್ತ ಬರುತ್ತಿತ್ತು. ಹಲ್ಲು ಕಟಕಟ ಕಡಿಯುತ್ತಲೇ ಸನೋಬರ್ ನಗಲು ನೋಡಿದಳು. "ಚಪ್ಪಲ್ ಜಾರ್ತು, ಮತ್ತೇನಿಲ್ಲ."

ಚಪ್ಪಲಿ ಜಾರಿರಬೇಕು ಎಂದು ಭಾಗ್ಯಳೂ ನಂಬಿದಳು. ಆ ರಾತ್ರಿ ಗಾಯಕ್ಕೆ ಮುಲಾಮು ಹಚ್ಚಿ, ಮಸ್ತಾನಬಿ ಅಮ್ಮಿಗೆ ಇದನ್ನು ಹೇಳಕೂಡದು ಎಂದು ಇಬ್ಬರೂ ಒಪ್ಪಿಕೊಂಡರು.

ಕೌಲಾಲಂಪುರದಲ್ಲಿ ನಂಬಿಕೆ ನಿಲ್ಲಲಿಲ್ಲ. ಮೋಡ ಮುಟ್ಟುವ ಕಟ್ಟಡಗಳ ಕೆಳಗೆ ರಸ್ತೆ ದಾಟುವಾಗ ಬಲಗಡೆಯಿಂದ ಬೈಕ್ ಬರುತ್ತಿದ್ದರೂ ಸನೋಬರ್ ಹೆಜ್ಜೆ ಮುಂದಿಟ್ಟಳು. ಭಾಗ್ಯ ಹಿಂದಕ್ಕೆ ಜಗ್ಗದಿದ್ದರೆ ಅಲ್ಲೇ ಮುಗಿಯುತ್ತಿತ್ತು. ನೆಲದಡಿಯ ರೈಲು ನಿಲ್ದಾಣದಲ್ಲಿ ಜನಜಂಗುಳಿಗೆ ಸಿಕ್ಕು ಇಬ್ಬರ ಕೈ ತಪ್ಪಿತು. ಭಾಗ್ಯ ಹುಚ್ಚಿಯಂತೆ ಮೇಲೆ ಕೆಳಗೆ ಓಡಾಡಿ ಹುಡುಕಿದಳು. ಕೊನೆಗೆ ನೋಡಿದರೆ ಸನೋಬರ್ ಒಂದು ಕಂಬಕ್ಕೆ ಬೆನ್ನು ಹಚ್ಚಿ, ಎರಡೂ ಅಂಗೈಯನ್ನು ಕಂಬಕ್ಕೆ ಒತ್ತಿ ಹಿಡಿದು ನಿಂತಿದ್ದಳು. ಭಾಗ್ಯ ಪಕ್ಕಕ್ಕೇ ಬಂದು ನಿಂತರೂ ಆಕೆಗೆ ಗೊತ್ತಾಗಲಿಲ್ಲ.

ಬೆಂಚಿನ ಮೇಲೆ ಕೂರಿಸಿ, ನೀರು ಕುಡಿಸಿ, "ಖರೇ ಹೇಳು. ನಿನಗ ಏನಾಗ್ಯಾದ?" ಎಂದು ಕೇಳಿದಳು.

ಸನೋಬರ್ ನೀರಿನ ಬಾಟಲಿಯ ಮುಚ್ಚಳ ತಿರುವಿ ಮುಚ್ಚಿದಳು. "ಕಣ್ಣಿನ ಪರದಾ ಒಣಗ್ಲಾಕತ್ತದಂತ. ಹೈದರಾಬಾದಿನಾಗ ತೋರಿಸೀನಿ. ಚಷ್ಮಾ ಇಲ್ಲ, ಆಪರೇಷನ್ ಇಲ್ಲ. ಅಂಚಿನಿಂದ ಒಳಗ ಮುಚ್ಚಿಕೊಂತ ಬರ್ತದ. ಎದುರಿಗಿದ್ದದ್ದು ಛಲೋ ಕಾಣ್ತದ ಭಾಗ್ಯಾ, ಪೈಪಿನ್ಯಾಗಿಂದ ನೋಡಿದಂಗ. ಹೊತ್ತು ಮುಳುಗಿದ್ರ ಮಾತ್ರ ಏನೂ ಇಲ್ಲ."

"ಯಾವಾಗಿಂದ?"

"ಗೊತ್ತಾಗಿ ಎರಡು ವರ್ಷ ಆಯ್ತು."

ಭಾಗ್ಯ ಆಕೆಯನ್ನು ತಬ್ಬಿಕೊಂಡು ಅತ್ತಳು. ಸುತ್ತ ಜನ ಹರಿಯುತ್ತಲೇ ಇದ್ದರು. ಅತ್ತು ಮುಗಿಯುವುದರೊಳಗೇ ಶಾಲೆಯ ಹಳದಿ ವ್ಯಾನ್ ನೆನಪಾಯಿತು.

"ಸನೋಬರ್... ಎರಡು ವರ್ಷದಿಂದ ವ್ಯಾನ್ ಹ್ಯಾಂಗ ನಡೆಸ್ಲಾಕತ್ತಿ?"

"ಒಂದು ಗೀರು ಬಿದ್ದಿಲ್ಲ. ಆ ರಸ್ತಾ ನನಗ ಬಾಯಿಪಾಠ ಅದ. ಮೋಡ ಮುಸುಕಿದ್ರ ಹಾರ್ನ್ ಹೊಡಕೊಂತ ಮೆಲ್ಲಕ ಬರ್ತೀನಿ."

"ಮಕ್ಕಳಿರ್ತಾವಲ್ಲೇ ಅದರಾಗ!"

"ಅವು ನನ್ನ ಮಕ್ಕಳಲ್ಲೇನು?" ಸನೋಬರಳ ದನಿ ಏರಿತು, ಮತ್ತೆ ಕುಸಿಯಿತು. "ಇದೊಂದು ವರ್ಷ ನಡೆಸ್ತೀನಿ. ಯಾರಿಗೂ ಹೇಳಬ್ಯಾಡ. ವ್ಯಾನ್ ಬಿಟ್ರ ನಾ ಯಾರು ಹೇಳು? ಮನಿ ಮೂಲ್ಯಾಗ ಕುಂದ್ರೋ ಕುರುಡಿ. ನಾಳಿ ಹ್ಯಾಂಗೂ ಅದೇ ಆಗಾಕಿ ನಾ. ಇವತ್ತೇ ಆಗಂತಿ ಏನು?"

ಸಿಂಗಾಪುರದಲ್ಲಿ ಇಬ್ಬರೂ ಒಂದೇ ಛತ್ರಿಯ ಕೆಳಗೆ, ಒಬ್ಬರ ತೋಳು ಒಬ್ಬರು ಹಿಡಿದು ನಡೆದರು. ಸಮುದ್ರದ ದಂಡೆಯಲ್ಲಿ ದೀಪಗಳು ಹತ್ತಿದಾಗ ಸನೋಬರ್, "ಎಲ್ಲಾ ಮಬ್ಬು ಮಬ್ಬು ಚುಕ್ಕಿ ಕಾಣ್ತಾವ" ಎಂದಳು. ಆ ಪ್ರವಾಸದ ಕೊನೆಯ ಮಾತು ಅದೇ ಆಯಿತು.

ಊರಿಗೆ ಬಂದ ಭಾಗ್ಯ ಉಳಿದ ರಜೆಗೆ ಕಮಲಾಪುರದ ಮನೆಗೆ ಹೋದಳು. ತಾಯಿ ಮಲ್ಕಮ್ಮ ದಿನಾ ಕೇಳುತ್ತಿದ್ದರು: "ದೇಶ ತಿರುಗಿ ಬಂದಾಕಿ ಹಿಂಗ್ಯಾಕ ಮಾರಿ ಸಣ್ಣ ಮಾಡಿಕೊಂಡೀ? ಸನೋಬರ್ ಜೋಡಿ ಜಗಳ ಆಯ್ತೇನು?" ಇಲ್ಲ ಎನ್ನುತ್ತಿದ್ದಳು. ಹೇಳಿದರೆ ಗೆಳತಿಯ ಬದುಕು ಕಿತ್ತುಕೊಂಡಂತೆ. ಹೇಳದಿದ್ದರೆ? ಮುಂದಿನದನ್ನು ಯೋಚಿಸಲೂ ಹೆದರಿಕೆಯಾಗುತ್ತಿತ್ತು.

ಒಂದು ಮಧ್ಯಾಹ್ನ ತಮ್ಮ ಮಾಳಿಂಗರಾಯನ ಬೈಕಿನ ಹಿಂದೆ ಕೂತು ಬಾಳೆತೋಟಕ್ಕೆ ಹೊರಟಿದ್ದಳು. ದಾರಿಯಲ್ಲಿ ಗಿಡಗಳ ಮರೆಯಿಂದ ಚಿಕ್ಕ ಹುಡುಗಿಯೊಬ್ಬಳು ಆಡಿನ ಮರಿಯ ಬೆನ್ನುಹತ್ತಿ ಧಡಕ್ಕನೆ ರಸ್ತೆಗೆ ನುಗ್ಗಿದಳು. ಮಾಳಿಂಗರಾಯ ಬ್ರೇಕ್ ಒತ್ತಿದ ರಭಸಕ್ಕೆ ಬೈಕು ಅಡ್ಡ ತಿರುಗಿ ನಿಂತಿತು. ಹುಡುಗಿ ಇವರನ್ನು ನೋಡಿ ನಕ್ಕು, ಮರಿಯನ್ನು ಬಗಲಲ್ಲಿ ಇರುಕಿಕೊಂಡು ಓಡಿಹೋದಳು.

"ಕಣ್ಣಂಚಿಗೆ ಆಕಿ ಲಂಗ ಕಂಡ್ತು ಅಕ್ಕಾ. ಅದಕ್ಕ ಉಳಿದ್ಳು" ಅಂದ ಮಾಳಿಂಗರಾಯ ಏದುಸಿರು ಬಿಡುತ್ತ. ಹಿಂದೆ ತಿರುಗಿ ನೋಡಿದ. ಭಾಗ್ಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಅಂದೇ ಸಂಜೆಯ ಬಸ್ಸಿಗೆ ಕಲಬುರಗಿಗೆ ಬಂದು ನೇರ ಸನೋಬರಳ ಮನೆಗೆ ಹೋದಳು. "ನೀನೇ ಹೋಗಿ ಸರ್‌ಗೆ ಹೇಳು. ನಾನೂ ಬಾಜೂಕ ನಿಂದರ್ತೀನಿ. ಬ್ಯಾರೆ ಡ್ರೈವರ್ ಇಡು. ವ್ಯಾನ್ ನಿಂದೇ ಇರ್ತದ" ಎಂದು ಕೈ ಹಿಡಿದು ಬೇಡಿಕೊಂಡಳು. ಸನೋಬರ್ ತಲೆಯಾಡಿಸಿದಳು. "ಸಾಲಿ ಶುರು ಆಗೋದ್ರಾಗ ಹೇಳ್ತೀನಿ."

ಶಾಲೆ ಶುರುವಾದ ದಿನ ಭಾಗ್ಯ ಗೇಟಿನಲ್ಲಿ ನಿಂತಿದ್ದಳು. ಹಳದಿ ವ್ಯಾನ್ ಬಂತು. ಮಕ್ಕಳು ಹೊಸ ಬ್ಯಾಗು ಹೊತ್ತು ಗದ್ದಲ ಮಾಡುತ್ತ ಇಳಿದರು. ಓಡಿಸುವವಳ ಸೀಟಿನಲ್ಲಿ ಸನೋಬರಳೇ ಇದ್ದಳು. ಭಾಗ್ಯಳನ್ನು ಕಂಡಳೋ ಇಲ್ಲವೋ, ನೇರ ಮುಂದೆಯೇ ನೋಡುತ್ತಿದ್ದಳು.

ಭಾಗ್ಯ ಕಾಶಿರಾಯರ ಕೋಣೆಗೆ ಹೋದಳು. ಹೇಳಿ ಮುಗಿಸಿದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟಿದ್ದರು.

"ಟೀಚರ್, ಆಕಿ ಬಗ್ಗೆ ಗ್ಯಾರಂಟಿ ಕೊಟ್ಟಾಕಿ ನೀವೇ ಅಲ್ಲೇನ್ರಿ?"

"ಹೌದ್ರಿ ಸರ್. ಅದಕ್ಕೇ ನಾನೇ ಹೇಳ್ಲಾಕ ಬಂದೀನ್ರಿ."

ಸನೋಬರಳನ್ನು ಕರೆಸಿದರು. ಕಾಶಿರಾಯರು ಆಕೆಯ ಪಕ್ಕಕ್ಕೆ ನಿಂತು ಸದ್ದಿಲ್ಲದೆ ಕೈ ಚಾಚಿದರು. "ನಾ ಏನು ಮಾಡ್ಲಾಕತ್ತೀನಿ ಹೇಳ್ರಿ ತಾಯಿ." ಸನೋಬರ್ ಸುಳ್ಳು ಹೇಳಲಿಲ್ಲ. "ಕಾಣವಲ್ದು ಸರ್" ಅಂದಳು. ತಡವಿ ಮೇಜಿನ ಅಂಚು ಹುಡುಕಿ, ಕೀಲಿಕೈ ಇಟ್ಟಳು. ಹೊರಗೆ ಹೋಗುವಾಗ ಭಾಗ್ಯ ನಿಂತ ಕಡೆ ತಿರುಗಿ, "ನಮ್ಮ ಅಮ್ಮಿ ಕೈಯಾಗ ಉಂಡಾಕಿ ನೀ" ಅಂದಳು. ಅಷ್ಟೇ.

ಮುಂದಾದದ್ದನ್ನು ಭಾಗ್ಯ ಎಣಿಸಿರಲಿಲ್ಲ. ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಅಕ್ಕನಂತೆ ಆಪಾ ಎಂದು ಕರೆಯುತ್ತಿದ್ದ ತಾಯಂದಿರೇ ಮನೆ ಬಾಗಿಲಿಗೆ ಹೋಗಿ ಕೂಗಾಡಿ ಬಂದರು. ಅವರ ಸಿಟ್ಟು ತಪ್ಪೆಂದು ಹೇಳುವ ಹಾಗೂ ಇರಲಿಲ್ಲ. ಸ್ಟಾಫ್‌ರೂಮಿನಲ್ಲಿ ಯಾರೋ, "ನೀವು ಛಲೋ ಕೆಲಸ ಮಾಡಿದ್ರಿ ಟೀಚರ್" ಅಂದಾಗ ಭಾಗ್ಯ ಚಹಾ ಅರ್ಧಕ್ಕೇ ಬಿಟ್ಟು ಕ್ಲಾಸಿಗೆ ಹೋದಳು. ಆ ಬಕ್ರೀದಿಗೆ ಮಸ್ತಾನಬಿಯ ಮನೆಯಿಂದ ವರ್ಷವೂ ಬರುತ್ತಿದ್ದ ಬಿರ್ಯಾನಿಯ ಡಬ್ಬಿ ಬರಲಿಲ್ಲ. ಫೋನ್ ಮಾಡಿದರೆ ಸನೋಬರ್ ಎತ್ತಲಿಲ್ಲ. ಒಮ್ಮೆ ಬಾಗಿಲವರೆಗೆ ಹೋದಳು. ಮಸ್ತಾನಬಿ ಒಳಗೆ ಕರೆಯದೆ, ಹೊಸ್ತಿಲಲ್ಲೇ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡು, "ಈಗ ನಕ್ಕೋ ಬೇಟಿ" ಎಂದರು.

ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಒಂದು ದಿನ ಉಮ್ಮೆ ಹಾನಿ ಶಾಲೆಗೆ ಬಂದಳು. ಈಗ ಆಕೆಗೆ ಆಸ್ಪತ್ರೆಯೊಂದರಲ್ಲಿ ಕೆಲಸ. ಭಾಗ್ಯಳನ್ನು ಚಿಕ್ಕಂದಿನಿಂದಲೂ ಖಾಲಾ, ಚಿಕ್ಕಮ್ಮ ಎಂದೇ ಕರೆದವಳು.

"ಖಾಲಾ, ಅಮ್ಮಿ ಮನಿ ಬಿಟ್ಟು ಹೊರಗ ಬಂದೇ ಇಲ್ಲ. ನಾ ಕೈ ಹಿಡೀಲಾಕ ಹೋದ್ರ ಝಾಡಿಸಿ ಒಗೀತಾಳ."

"ನಾ ಬಂದ್ರ ಬಾಗಿಲಾ ತೆಗೀತಾಳೇನವ್ವಾ?"

"ಗೊತ್ತಿಲ್ಲ ಖಾಲಾ. ನನಗೂ ನಿಮ್ಮ ಮ್ಯಾಲ ಸಿಟ್ಟಿತ್ತು. ಆದ್ರ ದವಾಖಾನ್ಯಾಗ ಆಕ್ಸಿಡೆಂಟ್ ಆದ ಕೂಸುಗಳು ಬರ್ತಾವಲ್ಲ... ನೀವು ಬರ್ರಿ."

ಭಾನುವಾರ ಬೆಳಿಗ್ಗೆ ಭಾಗ್ಯ ಹೋದಳು. ಈ ಸಲ ಮಸ್ತಾನಬಿ ಬಾಗಿಲು ಪೂರ್ತಿ ತೆರೆದು, ದಾರಿ ಬಿಟ್ಟು ನಿಂತರು. ಸನೋಬರ್ ಮಂಚದ ಮೇಲೆ ಕೂತಿದ್ದಳು. ಮುಖ ಇಳಿದುಹೋಗಿತ್ತು. ಕಾಲ ಸಪ್ಪಳಕ್ಕೇ ಯಾರೆಂದು ತಿಳಿದು ಬೆನ್ನು ನೆಟ್ಟಗೆ ಮಾಡಿದಳು. ಭಾಗ್ಯ ಕೆಳಗೆ ಚಾಪೆಯ ಮೇಲೆ ಕೂತಳು. ಮಸ್ತಾನಬಿ ಚಹಾ ತಂದಿಟ್ಟು ಒಳಗೆ ಹೋದರು.

ಕೊನೆಗೆ ಸನೋಬರ್, "ಜಗತ್ ಸರ್ಕಲ್ ತನಕ ಹೋಗೋದದ. ಅಮ್ಮಿಗಿ ಸ್ವೆಟರ್ ತರಬೇಕು. ಹಾನಿಗಿ ಡ್ಯೂಟಿ ಅದ" ಎಂದಳು.

"ನಡಿ ಹೋಗೋಣ."

ಆಟೊದಲ್ಲಿ ಆಕೆ ಆ ಅಂಚಿಗೆ, ಈಕೆ ಈ ಅಂಚಿಗೆ ಕೂತರು. ಜಗತ್ ಸರ್ಕಲ್ಲಿನಲ್ಲಿ ಇಳಿದಾಗ ನಾಲ್ಕೂ ಕಡೆಯಿಂದ ಆಟೊ, ಬೈಕು, ಸಿಟಿ ಬಸ್ಸು ನುಗ್ಗುತ್ತಿದ್ದವು. ಸನೋಬರ್ ರಸ್ತೆಯ ಅಂಚಿನಲ್ಲಿ ನಿಂತೇಬಿಟ್ಟಳು. ಭಾಗ್ಯ ಮೊಣಕೈ ಮುಂದೆ ಮಾಡಿದಳು, ಮುಟ್ಟಲಿಲ್ಲ.

"ನಾ ನಿನಗ ಮಾಫ್ ಮಾಡಿಲ್ಲ" ಎಂದಳು ಸನೋಬರ್, ಎದುರಿಗೇ ನೋಡುತ್ತ.

"ಗೊತ್ತದ."

"ನೀ ಮಾಡಿದ್ದು ಬರೋಬ್ಬರಿ ಅದ ಅಂತ ಹಾನಿ ಹೇಳ್ತಾಳ. ಬರೋಬ್ಬರಿ ಇರಬಹುದು. ಆದ್ರೂ ಮಾಫ್ ಮಾಡಿಲ್ಲ."

"ಆಯ್ತು" ಅಂದಳು ಭಾಗ್ಯ.

ಬಸ್ಸೊಂದು ಹಾದುಹೋಯಿತು. ಸನೋಬರಳ ಕೈ ಗಾಳಿಯಲ್ಲಿ ತಡವಿ, ಭಾಗ್ಯಳ ಮೊಣಕೈ ಸಿಕ್ಕೊಡನೆ ನೋವಾಗುವಷ್ಟು ಗಟ್ಟಿಯಾಗಿ ಹಿಡಿದುಕೊಂಡಿತು. ಇಬ್ಬರೂ ರಸ್ತೆಗೆ ಇಳಿದರು.