ತಣ್ಣೀರು ಕೆಂಪಾದ ದಿನ

ಮೊಮ್ಮಕ್ಕಳೇ, ನಿಮ್ಮಲ್ಲಿ ದೊಡ್ಡವಳು ನನ್ನ ಹಾಗೇ ಅಂಜುಬುರುಕಿ. ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ನನ್ನ ಹೆಸರು ಕೂಗಿದರೆ ಸಾಕು, ಮುಂದೆ ಕೂತವಳ ಬೆನ್ನ ಹಿಂದೆ ಅಡಗುತ್ತಿದ್ದೆ. ಅವಳೂ ಹೋದ ವರ್ಷದ ವಿಜ್ಞಾನ ಪ್ರದರ್ಶನದಲ್ಲಿ ಅರ್ಧಕ್ಕೆ ಮಾತು ಮರೆತು ನಿಂತಳಂತೆ, ಮಕ್ಕಳು ನಕ್ಕರಂತೆ. ಈ ವರ್ಷ ಮೊದಲೇ ಹೇಳಿಬಿಟ್ಟಿದ್ದಳು: "ಈ ಸಲಾನೂ ಅಂಗೇ ಆದ್ರೆ ಇನ್ ಯಾವತ್ತೂ ಮುಂದೆ ಹೋಗಿ ನಿಲ್ಲಲ್ಲ ಕಣಜ್ಜಿ."

ಅವಳಿಗೆ ಕೊಟ್ಟ ವಿಷಯ ಜೀವಕೋಶದ ಪೊರೆ. ಅವಳಮ್ಮ ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವವರೆಗೆ ಕೇಳುವುದಕ್ಕೆ ನಾನೊಬ್ಬಳೇ. ಅವರೆಕಾಯಿ ಸುಲಿಯುತ್ತಾ ಕೂತಿದ್ದೆ.

"ಗಿಡ, ಹಸು, ನೀನು, ನಾನು, ಎಲ್ಲಾ ಸಣ್ಣ ಸಣ್ಣ ಕೋಶಗಳಿಂದ ಆಗಿರೋದು. ಒಂದೊಂದಕ್ಕೂ ಸುತ್ತ ತೆಳ್ಳಗೆ ಪೊರೆ. ಕೊಬ್ಬಿನ ಕಣಗಳು ಎರಡು ಸಾಲಾಗಿ ನಿಂತಿರ್ತವೆ. ಅವುಕ್ಕೆ ತಲೆ ಇದೆ, ಬಾಲ ಇದೆ. ತಲೆಗೆ ನೀರು ಇಷ್ಟ, ಬಾಲಕ್ಕೆ ಆಗಲ್ಲ. ಅದಕ್ಕೆ ಬಾಲ ಒಳಕ್ಕೆ, ತಲೆ ಆಚೆಗೆ."

"ಅಂದ್ರೆ ಬೆನ್ನಿಗೆ ಬೆನ್ನು ಕೊಟ್ಕೊಂಡು ನಿಂತವೆ, ಜಗಳ ಆಡಿದ ಓರಗಿತ್ತೀರಂಗೆ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಂಗೇ ಅನ್ಕೋ! ಆದ್ರೆ ಮನೆ ಕಾಯೋದು ಅವೇನೇ. ನೀರು ಸುಲಭವಾಗಿ ಓಡಾಡತ್ತೆ. ಸಕ್ಕರೆಗೆ ಬೇರೆ ಬಾಗಿಲು, ಪ್ರೋಟೀನಿಂದು. ಸಿಕ್ಕಿದ್ದನ್ನೆಲ್ಲ ಒಳಗೆ ಬಿಡಲ್ಲ."

"ನಮ್ಮತ್ತೇನೂ ಬಿಡ್ತಿರಲಿಲ್ಲ," ಎಂದೆ.

ಬೀಟ್‌ರೂಟಿನ ಬಣ್ಣವನ್ನೂ ಇಂಥ ಪೊರೆಗಳೇ ಒಳಗೆ ಹಿಡಿದಿಟ್ಟಿರುತ್ತವಂತೆ. ಹೋಳುಗಳನ್ನು ಚೆನ್ನಾಗಿ ತೊಳೆದು ತಣ್ಣೀರಿಗೆ ಹಾಕಿದರೆ ನೀರು ತಿಳಿಯಾಗಿರುತ್ತದೆ, ಬಿಸಿನೀರಿಗೆ ಹಾಕಿದರೆ ಪೊರೆ ಕೆಟ್ಟು ಬಣ್ಣ ಸೋರುತ್ತದೆ. ಎರಡು ಗಾಜಿನ ಲೋಟ ಇಟ್ಟು ಇದನ್ನೇ ತೋರಿಸುವುದೆಂದು ಅವಳ ಯೋಚನೆ.

ಪ್ರದರ್ಶನದ ದಿನ ಬೆಳಗಾಗೆದ್ದು ಫ್ರಿಜ್ ತೆಗೆದರೆ, ಬೀಟ್‌ರೂಟು ಐಸ್ ಪೆಟ್ಟಿಗೆಯಲ್ಲಿ ಕಲ್ಲಾಗಿ ಕೂತಿತ್ತು. ಅವಳಮ್ಮ ಸುಸ್ತಾಗಿ ಬಂದವಳು ಜಾಗ ಸಾಲದೆ ಅಲ್ಲಿ ತುರುಕಿದ್ದಳು. ನಮ್ಮ ಹುಡುಗಿ ಇನ್ನೂ ಮಲಗಿದ್ದಳು. ನಾನು ಅದನ್ನು ನೀರಿನಲ್ಲಿಟ್ಟು ಮೆತ್ತಗಾದ ಮೇಲೆ ಹೆಚ್ಚಿ ತೊಳೆದೆ. ಎಷ್ಟು ತೊಳೆದರೂ ಕೆಂಪು ನಿಲ್ಲಲಿಲ್ಲ. ಅಷ್ಟರಲ್ಲಿ ಶಾಲೆಯ ಬಸ್ಸಿನ ಹೊತ್ತಾಯಿತು, ಹೇಳಲೂ ಪುರುಸೊತ್ತಿಲ್ಲದೆ ಡಬ್ಬಿಗೆ ತುಂಬಿ ಕೊಟ್ಟೆ.

ಮಧ್ಯಾಹ್ನ ನಾನೂ ಹೋದೆ. ಗೋಡೆ ಪಕ್ಕದ ಕೊನೇ ಕುರ್ಚಿ ಹಿಡಿದೆ. ಮೊದಮೊದಲು ಚೆನ್ನಾಗಿಯೇ ಹೇಳಿದಳು. ಎರಡೂ ಲೋಟಕ್ಕೆ ಹೋಳು ಹಾಕಿದಳು. ಬಿಸಿನೀರು ಕೆಂಪಾಯಿತು. ನೋಡನೋಡುತ್ತಿದ್ದಂತೆ ತಣ್ಣೀರೂ ಕೆಂಪಾಯಿತು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ತಣ್ಣೀರು ಯಾಕಮ್ಮಾ ಇಂಗಾಯ್ತು?" ಎಂದು ಮೇಡಂ ಮೆತ್ತಗೇ ಕೇಳಿದರು. ನಮ್ಮ ಹುಡುಗಿ ವೇದಿಕೆಯಿಂದ ಕೆಳಗಿಳಿಯಲು ಒಂದು ಹೆಜ್ಜೆ ಹಿಂದೆ ಇಟ್ಟೇಬಿಟ್ಟಳು.

ಆ ಬೀಟ್‌ರೂಟು ಎಲ್ಲಿತ್ತೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಸೂಟುಬೂಟಿನವರು, ಇಂಗ್ಲಿಷ್ ಮಾತಾಡುವವರು, ಅಷ್ಟು ಜನ. ಹೇಗೆ ಎದ್ದೆನೋ ಕಾಣೆ.

"ಮೇಡಂ, ಅದು ಐಸ್ ಪೆಟ್ಟಿಗೇಲಿತ್ತು. ಕಲ್ಲಾಗೋಗಿತ್ತು. ನಾನೇ ನೀರಿಗಾಕಿ ಕರಗಿಸಿ ಎಚ್ಚಿ ಕೊಟ್ಟೆ. ಆಗ್ಲೇ ಬಣ್ಣ ಬಿಡ್ತಿತ್ತು."

ಅಷ್ಟೂ ತಲೆಗಳು ನನ್ನ ಕಡೆ ತಿರುಗಿದವು. ಮಗು ಲೋಟವನ್ನೊಮ್ಮೆ ನೋಡಿತು, ನನ್ನನ್ನೊಮ್ಮೆ ನೋಡಿತು. ಅವಳ ಮುಖ ಅರಳಿದ್ದು ಅಷ್ಟು ದೂರದಿಂದಲೂ ನನಗೆ ಕಂಡಿತು. ನಾನು ಕೂರುವುದನ್ನೇ ಮರೆತು ಸೆರಗು ಹಿಡಿದು ನಿಂತಿದ್ದೆ.

"ನೀನ್ ಕೂತ್ಕೋ ಅಜ್ಜಿ. ನಂಗೊತ್ತಾಯ್ತು, ನಾನ್ ಹೇಳ್ತೀನಿ," ಎಂದಳು. ಆಮೇಲೆ ಜನರ ಕಡೆ ತಿರುಗಿ, ಕೋಶದೊಳಗಿನ ನೀರು ಐಸಾಗುವಾಗ ಪೊರೆಯನ್ನು ಹೇಗೆ ಹರಿದುಹಾಕುತ್ತದೆಂದು, ಒಂದು ಕಡೆಯೂ ತಡವರಿಸದೆ ಹೇಳತೊಡಗಿದಳು.