ಮುಂಗುಸಿಗೆ ಮುಗಿದ ಕೈ

ಈ ಮುಂಜಾನೆ ಸತ್ತೂರಿನ ದಾರಿಯಲ್ಲಿ ಮುಂಗುಸಿಯೊಂದು ಅಡ್ಡ ಹಾಯ್ದಾಗ ಜೊತೆಗಿದ್ದವರೆಲ್ಲ ಶುಭಶಕುನವೆಂದು ಹರ್ಷಿಸಿದರು. ನನ್ನ ಮನಸ್ಸು ಮಾತ್ರ ಹುಬ್ಬಳ್ಳಿಯ ನಮ್ಮ ಹಳೆಯ ಹಿತ್ತಿಲಿಗೆ ಸರಿಯಿತು.

ನಾವು ಲಿಂಗವಂತರು, ಕೋಳಿ ಸಾಕಿದವರಲ್ಲ. ಸಾಕಿದ್ದವಳು ನೆರೆಮನೆಯ ಯಲ್ಲವ್ವ. ಕೋಳಿಯ ಪುಕ್ಕ ಸೆರಗಿಗೆ ಸೋಕಿದರೂ ಮರಳಿ ಮೀಯುತ್ತಿದ್ದ ನನ್ನ ಅಜ್ಜಿಗೇ ಅವಳು ಒಮ್ಮೆ ಮರಿಗಳನ್ನು ಒಪ್ಪಿಸಿ, ತತ್ತಿ ಮಾರಲು ದುರ್ಗದಬೈಲಿಗೆ ಹೊರಟಳು.

“ಅವ್ವಾರ, ಹದ್ದು ಬಂದೀತು, ಒಂದೀಟು ನೋಡ್ಕೋರಿ.”

“ಹೋಗಿ ಬಾರವ್ವ, ನಾ ಇಲ್ಲೇ ಕುಂತಿರ್ತೇನಿ.”

ಅಜ್ಜಿ ರುದ್ರಾಕ್ಷಿಮಾಲೆ ಹಿಡಿದು ಆಕಾಶವನ್ನೇ ಕಾಯುತ್ತ ಕುಳಿತಳು. ಬಂದದ್ದು ಹದ್ದಲ್ಲ, ಬೇಲಿಯ ಸಂದಿಯಿಂದ ನುಸುಳಿದ ಮುಂಗುಸಿ. ನಾನು ಕಲ್ಲೆತ್ತಿದೆ.

“ಕಲ್ಲ ಒಗೀಬ್ಯಾಡೋ ತಮ್ಮಾ! ಮುಂಗಲಿ ದರ್ಶನ ಆತು, ಕೈ ಮುಗಿ.”

ಇಬ್ಬರೂ ಕಣ್ಣು ಮುಚ್ಚಿ ಕೈ ಮುಗಿದೆವು. ತಾಯಿಕೋಳಿಯ ಚೀತ್ಕಾರಕ್ಕೆ ಕಣ್ದೆರೆದಾಗ ಎರಡು ಮರಿಗಳು ಸತ್ತು ಬಿದ್ದಿದ್ದವು. ಇನ್ನೊಂದನ್ನು ಕಚ್ಚಿಕೊಂಡು ಮುಂಗುಸಿ ಬೇಲಿ ದಾಟುತ್ತಿತ್ತು.

ಯಲ್ಲವ್ವ ಮರಳಿದಾಗ ಅಜ್ಜಿ ನಡೆದುದನ್ನೆಲ್ಲ ಮರೆಮಾಚದೆ ಹೇಳಿದಳು. ಯಲ್ಲವ್ವ ಆ ಎರಡು ಮರಿಗಳನ್ನು ಉಡಿಯಲ್ಲಿ ಹಾಕಿಕೊಂಡು, “ನಿಮಗ ಶುಭ ಆತಲ್ಲರಿ ಅವ್ವಾರ, ಸಾಕು ಬಿಡ್ರಿ,” ಎಂದಳು.

ಮರುದಿನದಿಂದ ಅಜ್ಜಿ ಉಳಿದ ಮರಿಗಳನ್ನು ತಾನೇ ಬರಿಗೈಯಿಂದ ಎತ್ತಿ ಬುಟ್ಟಿಯಡಿ ಮುಚ್ಚಿ, ಮಗ್ಗುಲಲ್ಲಿ ಕೋಲಿಟ್ಟುಕೊಂಡು ಜಪಕ್ಕೆ ಕೂರತೊಡಗಿದಳು. ಆಕೆ ಮತ್ತೆಂದೂ ಕಣ್ಣು ಮುಚ್ಚಿ ಜಪಿಸಿದ್ದನ್ನು ನಾನು ಕಾಣೆ.

ಇಂದು ಮನೆಗೆ ಬಂದು ನಾನೂ ಜಪಕ್ಕೆ ಕುಳಿತೆ. ಕಣ್ಣು ಮುಚ್ಚುವ ಧೈರ್ಯ ಬರಲಿಲ್ಲ.