ಏಣಿಯ ಕೆಳಗಿನ ಕಣ್ಣು

ನಮ್ಮ ಯಜಮಾನರು ಮನೆಗಳ ಹೊರಗೋಡೆಗೆ ಬಣ್ಣ ಬಳಿಯುವವರು. ಅವರೂ ಅವರ ಅಣ್ಣನೂ ಜೋಡಿ. ಭಾವ ಏಣಿಯ ಮೇಲೆ, ಇವರು ಕೆಳಗೆ. ಮೇಲಿದ್ದವನ ಮುಖ ಗೋಡೆಗೆ, ಬೆನ್ನು ಆಕಾಶಕ್ಕೆ. ತಿರುಗಿ ನೋಡಿದರೆ ಬೀಳುತ್ತಾನೆ. ಅದಕ್ಕೇ ಕೆಳಗಿದ್ದವನು ಏಣಿಯನ್ನೂ ಹಿಡಿಯಬೇಕು, ಮೋಡವನ್ನೂ ನೋಡಿ ಕೂಗಬೇಕು.

ನಮ್ಮೂರಿನ ಹವೆ ನಂಬುವಂಥದ್ದಲ್ಲ. ಸೋಮವಾರ ಒಗೆದ ಬಟ್ಟೆ ಗರಿಗರಿ ಒಣಗುತ್ತದೆ. ಮಂಗಳವಾರ ಒಗೆದದ್ದು ಗುರುವಾರವೂ ಮುಗ್ಗಲು ವಾಸನೆ. ಶನಿವಾರ ಹೇಗೆ ಅನ್ನುವುದು ಶನಿವಾರವೇ ಗೊತ್ತಾಗಬೇಕು. ಹಸಿ ಬಣ್ಣದ ಮೇಲೆ ನಾಲ್ಕು ಹನಿ ಬಿದ್ದರೆ ದಿನದ ದುಡಿಮೆ ಚರಂಡಿಗೆ.

ಮೋಡಗಳಿಗೆ ಅಣ್ಣ ತಮ್ಮ ತಾವೇ ಹೆಸರಿಟ್ಟಿದ್ದರು. ಬಲು ಎತ್ತರದಲ್ಲಿ ಬೆಳ್ಳಗೆ ಗೀರು ಎಳೆದಂತಿದ್ದರೆ ಬಾಚಣಿಗೆ. ಇವತ್ತಿಗೆ ಭಯವಿಲ್ಲ, ನಾಳೆ ನಾಡಿದ್ದು ಹವೆ ತಿರುಗಬಹುದು. ಆಕಾಶಕ್ಕೆಲ್ಲ ಬೂದಿ ಬಣ್ಣ ಮುಸುಕಿದರೆ ಕಂಬಳಿ. ಜಿನುಗುತ್ತದೆ, ನಿಲ್ಲುತ್ತದೆ. ಕೆಲಸವೂ ಇಲ್ಲ, ರಜೆಯೂ ಇಲ್ಲ. ತಳ ಚಪ್ಪಟೆಯಾಗಿ ಬಿಡಿಬಿಡಿ ತೇಲಿದರೆ ಹತ್ತಿ. ಅದು ಪಾಪದ್ದು. ಆದರೆ ಆ ಹತ್ತಿಯೇ ಮಧ್ಯಾಹ್ನದ ಹೊತ್ತಿಗೆ ಮೇಲಕ್ಕೆ ಉಬ್ಬಿ ಹೂಕೋಸಾಗುತ್ತದೆ. ಹೂಕೋಸು ಅಂದರೆ ಇಳಿ, ಡಬ್ಬಿ ಮುಚ್ಚು.

ಒಮ್ಮೆ ಒಂದು ಬಟ್ಟೆ ಅಂಗಡಿಯ ದೊಡ್ಡ ಗೋಡೆ. ಭಾವನೇ ಓಡಾಡಿ ಹಿಡಿದ ಕೆಲಸ. ಕೊನೆಯ ಕೈ ಬಳಿಯುತ್ತಿದ್ದರು.

"ಏನೋ ಮೋಡ?"

"ಹತ್ತಿ ಕಣಣ್ಣ. ನೀ ಬಳಿ."

ಸ್ವಲ್ಪ ಹೊತ್ತಿಗೇ ಮಳೆ ಸುರಿಯಿತು. ಗೋಡೆಯ ಹಸಿ ಬಣ್ಣ ತೊಳೆದು ನೀಲಿ ನೀರು ಮೆಟ್ಟಿಲು ದಾಟಿ ಅಂಗಡಿಯೊಳಗೆ ಹೋಗಿ ಬಟ್ಟೆ ಹಾಳುಮಾಡಿತು. ಅಂಗಡಿಯವನು ನಡುಬೀದಿಯಲ್ಲಿ ನಿಲ್ಲಿಸಿ ಬಾಯಿಗೆ ಬಂದಂತೆ ಬೈದ. ಭಾವ ತಮ್ಮನ ಕಡೆ ಬೆರಳು ತೋರಿಸಿದರು.

"ಕಣ್ಣು ಎಲ್ಲಿಟ್ಟಿದ್ದ ಅಂತ ಇವನ್ನೇ ಕೇಳಿ. ಹೂಕೋಸು ತಲೆ ಮೇಲೆ ಬಂದು ಕೂತ್ರೂ ಹತ್ತಿ ಅಂತಾನೆ!"

ಏಣಿ ಹೆಗಲಿಗೇರಿಸಿಕೊಂಡು ಹೋದರು. ಮತ್ತೆ ನಮ್ಮ ಮನೆ ಹೊಸ್ತಿಲು ತುಳಿಯಲಿಲ್ಲ.

ಊರಿನವರಿಗೆ ಅಷ್ಟು ಸಾಕು. "ಏನ್ ಹತ್ತಿಯಪ್ಪಾ, ಇವತ್ತು ಕೊಡೆ ಬೇಕಾ ಬೇಡ್ವಾ?" ಅಂತ ಕೇಳುವರು. "ನಾ ಬೇಡ ಅಂದ್ರೆ ತಗೊಂಡ್ಹೋಗಿ" ಅಂತ ಇವರೂ ನಗುವರು. ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ. "ಅಣ್ಣನ ಹೆಸರು ನಾನೇ ಕೆಡಿಸ್ದೆ ಕಣೇ" ಅನ್ನುವರು.

ಆಮೇಲೆ ಇವರು ಏಣಿ ಹತ್ತಿದರು. ಕೆಳಗೆ ನಾನು ನಿಂತೆ. ಮೋಡಗಳ ಹೆಸರು ನನಗೂ ಬಂತು.

"ಏನೇ ಮೋಡ?"

"ಕಂಬಳಿ."

"ತೆಳ್ಳಗಾ, ದಪ್ಪನಾ?"

"ಹೊದ್ಕೊಂಡ್ ನೋಡಿ ಹೇಳ್ಲಾ?"

ನಮ್ಮ ಸ್ವಂತ ಮನೆಯ ಮುಂಗೋಡೆ ಮಾತ್ರ ಬರೀ ಸಿಮೆಂಟು. ಮನೆ ಕಟ್ಟಿದಾಗ ಭಾವ, "ಈ ಗೋಡೆ ನಂದು, ಯಾರೂ ಮುಟ್ಕೂಡ್ದು" ಅಂದಿದ್ದರು. ನಾನು ಕೇಳಿದಾಗಲೆಲ್ಲ ಇವರ ಹತ್ತಿರ ಒಂದು ನೆಪ ಇರುತ್ತಿತ್ತು. ಈ ವಾರ ಕಂಬಳಿ. ಈ ವಾರ ಬಿಸಿಲು ಜಾಸ್ತಿ, ಬಣ್ಣ ಸಿಡಿಯುತ್ತೆ. ಬಾಚಣಿಗೆ ಕಾಣ್ತಿದೆ, ತಡಿ. ಊರಿನ ಗೋಡೆಗಳಿಗೆಲ್ಲ ಆಗಿಬರುತ್ತಿದ್ದ ಹವೆ ನಮ್ಮ ಗೋಡೆಗೆ ಮಾತ್ರ ಆಗುತ್ತಿರಲಿಲ್ಲ. ಅಣ್ಣನ ದಾರಿ ಕಾಯುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು.

"ನೀವೇ ಹೋಗಿ ಕರೀರಿ."

"ಯಾವ ಮುಖ ಇಟ್ಕೊಂಡ್ ಹೋಗ್ಲಿ?"

ಹಾಗೇ ಒಂದು ದಿನ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಮಣ್ಣು ಮಾಡುವಾಗ ಭಾವ ಬಂದಿದ್ದರು. ದೂರ ನಿಂತಿದ್ದು ಹೋದರು.

ಮುಂದಿನ ವಾರ ಏಣಿ ಹೊತ್ತುಕೊಂಡು ಬಾಗಿಲಿಗೆ ಬಂದರು. "ಗೋಡೆ ಬಳೀತೀನಮ್ಮ" ಅಂದರು. ಬೇಡ ಅನ್ನಲು ಬಾಯಿ ಬರಲಿಲ್ಲ. ಏಣಿ ಹಿಡಿಯಲು ಇನ್ನಾರಿದ್ದಾರೆ? ನಾನೇ ಹಿಡಿದೆ.

"ಮೋಡ ಏನಮ್ಮಾ?"

"ಹತ್ತಿ."

ಅರ್ಧ ಗೋಡೆ ಆಗಿತ್ತು. ಹತ್ತಿ ಉಬ್ಬತೊಡಗಿತು.

"ಹೂಕೋಸು. ಇಳೀರಿ ಭಾವ."

"ಗೊತ್ತಾಯ್ತು. ಗೋಡೆ ಮಂಕಾಯ್ತಲ್ಲ."

"ಬೆನ್ನು ತಿರುಗಿಸಿದೋರಿಗೆ ಹೇಗೆ ಗೊತ್ತಾಯ್ತು?"

ಅವರ ಬ್ರಷ್ ನಿಂತಿತು. ಇಳಿದು ಬಂದು ಸೂರಿನ ಕೆಳಗೆ ನನ್ನ ಪಕ್ಕ ನಿಂತರು. ಮಳೆ ಶುರುವಾಯಿತು.

"ಮೇಲಿರೋನಿಗೆ ಗೋಡೆ ಮೇಲಿನ ಬೆಳಕೇ ಹೇಳುತ್ತಮ್ಮ. ಅವತ್ತೂ ಗೋಡೆ ಮಂಕಾಗಿತ್ತು. ಇನ್ನೊಂದು ಮೊಳ ಇತ್ತು, ಮುಗಿಸಿಬಿಡೋಣ ಅಂತ ಬಳೀತಾ ಹೋದೆ. ಆಮೇಲೆ ಎಲ್ಲಾ ಅವನ ತಲೆಗೆ ಕಟ್ಟಿದೆ."

"ನನಗ್ಯಾಕೆ ಹೇಳ್ತೀರಿ? ಅವರಿಗೆ ಹೇಳ್ಬೇಕಿತ್ತು."

"ಈ ವಾರ ಬರೋಣ, ಈ ವಾರ ಬರೋಣ ಅಂತಿದ್ದೆ."

"ಅವರೂ ವಾರ ವಾರ ಕಾದ್ರು."

ಹಸಿ ಬಣ್ಣ ಅಂಗಳಕ್ಕೆ ಇಳಿಯಿತು. ಭಾವ ಗೋಡೆ ಒರೆಸಲು ಹೋದರು. ಬಿಡಿ ಅಂದೆ.

ಏಣಿ ಇಲ್ಲೇ ಬಿಟ್ಟು ಹೋಗಿದ್ದಾರೆ. ಗೋಡೆ ಅರ್ಧ ಬಣ್ಣ, ಅರ್ಧ ಸಿಮೆಂಟು. ಹವೆ ಚೆನ್ನಾಗಿದೆ, ಬಂದು ಮುಗಿಸಲೇ ಅಂತ ಕೇಳಿ ಕಳಿಸುತ್ತಾರೆ.

ಈ ವಾರ ಕಂಬಳಿ ಅಂತ ಹೇಳಿ ಕಳಿಸುತ್ತೇನೆ.